ಹದಿನಾಲ್ಕನೇ ವಾರ್ಡಿನ ಕದ

ನಗರಸಭೆಯೊಳಗ ನಾ ಹೊರಗುತ್ತಿಗಿ ಮನಷಾ.
ಮನಿ ಕಟ್ಟೋದು ನನ್ನ ಕೆಲಸಲ್ಲ,
ಕಟ್ಟಿದ್ದರ ಫೋಟೋ ಹಿಡಿಯೋದು.
ತಳಪಾಯಕ್ಕೊಂದು, ಲಿಂಟಲ್‌ಗೊಂದು, ಸ್ಲ್ಯಾಬಿಗೊಂದು,
ಕಡೀಕ ಸುಣ್ಣ ಬಳದು, ಕದ ಹಚ್ಚಿ,
ಹೊಸ್ತಿಲದಾಗ ಫಲಾನುಭವಿ ನಿಂತದ್ದೊಂದು.
ಒಂದು ಫೋಟೋಕ್ಕ ಒಂದು ಕಂತು.
ನಗಬಾರದಂತ ಎಲ್ಲೂ ಬರದಿಲ್ಲ,
ಆದರೂ ಯಾರೂ ನಗಂಗಿಲ್ಲ.

ಶಹಾಬಾದದ ಈ ಓಣಿ ಪರಸಿ ಕಡಿಯೋರ ಓಣಿ.
ಎಲ್ಲೆಲ್ಲಿಯ ಪಡಸಾಲಿ, ಎಲ್ಲೆಲ್ಲಿಯ ಪ್ಲಾಟ್‌ಫಾರ್ಮು,
ಕಾಲಾಗ ಸಿಗೋದು ಇವರ ಮುತ್ಯಾನ ಉಳಿ ಬಿದ್ದ ಕಲ್ಲು.
ಇವರದು ಮಾತ್ರ ಪರಸಿ ನಿಲ್ಲಿಸಿದ ಗ್ವಾಡಿ,
ಪರಸಿ ಹಾಸಿದ ಮಾಳಗಿ,
ಬಾಗಿಲಿಗೆ ಹಳೇ ಸೀರಿ.
ಅದರ ಬಾಜೂಕ ಯೋಜನಾದ ಮನಿ ಎದ್ದು,
ಮೂರು ವರ್ಷ ಲಿಂಟಲ್‌ಗೆ ನಿಂತು,
ಹೋದ ದೀಪಾವಳಿಗೆ ಸ್ಲ್ಯಾಬು ಕಂಡವು.
ಕದ ಕಾಣಲಿಲ್ಲ.

ಕದದ ರೊಕ್ಕ ಕಡೀ ಕಂತಿನಾಗ ಬರತದ.
ಕಡೀ ಕಂತು ಕದ ಕಂಡ ಮ್ಯಾಲ ಬರತದ.
ಇಂಥ ಗಂಟು ಹಾಕೋರು ಎಲ್ಲಿ ಕುಂತಿರತಾರೋ,
ಅವರ ಮನಿ ಫೋಟೋ ನಾ ಹಿಡದಿಲ್ಲ.

ಮಾರ್ಚ್ ಇಪ್ಪತ್ತೊಂಬತ್ತು. ಪ್ರಗತಿ ಶೇಕಡಾ ಅರವತ್ತೆರಡು.
ಎರಡು ದಿನದಾಗ ಎಪ್ಪತ್ತು ದಾಟಬೇಕಂತ ಪೌರಾಯುಕ್ತರ ಫೋನು.
ಮೊದಲು ಇಮಾಂಬಿ ಮನಿ.
ಹಸರು ಕದ. ಫ್ಯಾಕ್ಟರಿ ಕ್ವಾರ್ಟರ್ಸ್ ಕೆಡುವಾಗ
ಗಂಡ ಪಗಾರದ ಬದಲಿ ಹೊತ್ತು ತಂದದ್ದು,
ಮೂಲ್ಯಾಗ ಬಿಳೀ ಬಣ್ಣದಾಗ ಸಿ-೪೧.
ಒಳಬಾಜೂಕ ಮಗಳು ತಸ್ಲೀಮಾನ ಎತ್ತರ,
ಆರು ಬಳಪದ ಗೀಟು.
ಚಲೋ ಫೋಟೋ ಬಂತು.

ತಾಸಿನ ಮ್ಯಾಲ ಸೂಗವ್ವನ ಮನಿ.
ಹಸರು ಕದ. ಸಿ-೪೧.
ನಾ ಅಕಿ ಮಾರಿ ನೋಡಿದೆ. ಅಕಿ ಕ್ಯಾಮೆರಾ ನೋಡಿದಳು.
ದುರ್ಗಪ್ಪನ ಮನ್ಯಾಗ ಕದ ತಲಿಕೆಳಗಾಗಿ ನಿಂತಿತ್ತು,
ಅಂಚಿಗಿ ನಾಲ್ಕು ಸಣ್ಣ ಬೆರಳು.
"ಬೆರಳು ತಗೀರಿ" ಅಂದೆ.
ಬೆರಳು ಹ್ವಾದವು. ಕದ ಅಲಗಾಡಿತು.
"ಹಿಡೀರಿ, ಹಿಡೀರಿ!"
ಮತ್ತ ನಾಲ್ಕು ಬೆರಳು.
ಹಂಗೇ ಹೊಡದೆ.

ಬಿಸಿಲಿಗೆ ಕಲ್ಲು ಕಾದು ಹಂಚಾಗಿತ್ತು.
ಇಬ್ಬರು ಹುಡುಗರು, ತಲೀ ಮ್ಯಾಲ ಒಂದು ಕದ,
ನಾ ಗಾಡಿ ಕಿಕ್ ಹೊಡಿಯೋದ್ರಾಗ
ಹಿಂದಿನ ಸಂದಿಲಿಂದ ಮುಂದಿನ ಮನಿ ಮುಟ್ಟತಿದ್ದರು.
ಆರನೇ ಮನೀಗಿ ನಾನೇ ಚಾಕ್ಕ ನಿಂತೆ,
ಅವರು ದಮ್ಮು ತಗೊಳ್ಳಲಿ ಅಂತ.
ಯಾರೂ ಏನೂ ಅನಲಿಲ್ಲ.
ಚಾದ ರೊಕ್ಕ ಮಾತ್ರ ತಗೊಳ್ಳಲಿಲ್ಲ.

ಆ್ಯಪು ಹನ್ನೊಂದೂ ಒಪ್ಪಿತು.
ನಿಂತ ಜಾಗ ಬ್ಯಾರೆ ಬ್ಯಾರೆ ಇದ್ರ ಸಾಕು ಅದಕ್ಕ.
ಸಭಾದಾಗ ಪರದೆ ಮ್ಯಾಲ ಸಾಲಾಗಿ ಹನ್ನೊಂದು ಹಸರು.
"ಬಣ್ಣ ಎಲ್ಲಾ ಒಂದೇ ಯಾಕ?" ಅಂದರು ಜಿಲ್ಲಾದಿಂದ ಬಂದವರು.
ನಮ್ಮ ಇಂಜಿನಿಯರು ನನ್ನ ಕಡೆ ನೋಡಲಿಲ್ಲ:
"ಏಕರೂಪ ವಿನ್ಯಾಸ, ಸರ್."
ಅದನ್ನ ನಡಾವಳಿಯೊಳಗ ಬರಕೊಂಡರು.

ಆವತ್ತು ಹೊತ್ತು ಮುಳುಗಿದಾಗ
ಕದ ಇದ್ದದ್ದು ಹನ್ನೊಂದನೇ ಮನ್ಯಾಗ.
ಅಲ್ಲಿ ಚಂದವ್ವ ಒಂಬತ್ತು ದಿನದ ಬಾಣಂತಿ.
ಹುಡುಗರು ಹೊರಲಿಕ್ಕ ಬಗ್ಗಿದರ
ಇಮಾಂಬಿ ಅಂದಳಂತ: "ಇರಲಿ ಬಿಡ್ರೋ, ನಾಳಿ ಒಯ್ಯೂಣು,
ಕೂಸಿಗಿ ಗಾಳಿ ಬಡೀತದ."

ಎರಡು ಮಳಗಾಲ ಆದ ಮ್ಯಾಲ ಮೊನ್ನೆ ಮತ್ತ ಹೋಗಿದ್ದೆ,
ನೀರಿನ ಮೀಟರಿನ ಫೋಟೋಕ್ಕ.
ಒಂಬತ್ತು ಮನಿಗಿ ರೊಕ್ಕ ಬಂದು ತಗಡಿನ ಕದ ಕುಂತಾವ.
ಚಂದವ್ವನ ಕಂತು ಕೂಸಿನ ದವಾಖಾನಿಗಿ ಹೋಯ್ತು.
ಇಮಾಂಬಿ ಹೆಸರಿನಾಗ ಒಂದು ಅಕ್ಷರ ತಪ್ಪಂತ,
ಅಕಿ ಕಂತು ಇನ್ನೂ ಕಲಬುರಗಿಯೊಳಗೇ ಅದ.
ಹೊಸ ಮನಿಗಿ ಅದೇ ಹಳೇ ಸೀರಿ.
"ಕದ ವಾಪಸ್ ತರಲಿಲ್ಲೇನು?" ಅಂದೆ.
"ಬಿಜಾಗರಿ ಹಚ್ಯಾರ. ಕೂಸು ಅದನ್ನ ಹಿಡಕೊಂಡೇ
ನಿಲ್ಲೋದು ಕಲತದ," ಅಂದಳು.

ರಂಜಾನ್ ಹಬ್ಬಕ್ಕ ತಸ್ಲೀಮಾ ಹೊಸ ಅಂಗಿ ತೊಟ್ಟು
ಚಂದವ್ವನ ಮನಿಗಿ ಹೋಗ್ತಾಳಂತ,
ಸಿ-೪೧ಕ್ಕ ಬೆನ್ನು ಹಚ್ಚಿ ನೆಟ್ಟಗ ನಿಲ್ಲತಾಳಂತ.
ನೋಡಿ ಬಂದೆ: ಎಂಟು ಗೀಟು.
ಬಾಳ ಕೆಳಗ, ನನ್ನ ತೊಡಿ ಮಟ್ಟಕ್ಕ,
ಇದ್ದಲಿಲಿ ಎಳದ ಇನ್ನೊಂದು.